ನಳದ ನಾಗಪ್ಪನ ಎರಡನೇ ಸಾವು

"ಸತ್ತ ಮನುಷ್ಯ ನಿನ್ನ ಅಂಗಡಿಗೆ ಬಂದು ಕುರ್ಚಿ ಮ್ಯಾಲೆ ಕುಂತನೇನೋ ಭಾನುಪ್ರಕಾಶ?"

"ಸತ್ತವರು ಬರಂಗಿದ್ರ ನಾ ಆನ್‌ಲೈನ್ ಅಂಗಡಿ ಯಾಕ ಇಡ್ತಿದ್ದೆ ಅಕ್ಕಾ? ಗುಡಿ ಕಟ್ಟಿಸಿ ಕುಂದರ್ತಿದ್ದೆ."

ಅನಂತಮ್ಮ ನಗಲಿಲ್ಲ. ಮೇಜಿನ ಮೇಲೆ ಮೊಣಕೈ ಊರಿ ಇನ್ನಷ್ಟು ಮುಂದಕ್ಕೆ ಬಾಗಿದಳು. ಗದ್ವಾಲದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಆ ಅಂಗಡಿಯಲ್ಲಿ ಇದ್ದದ್ದು ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು, ಒಂದು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಯ ಮೇಲೆಯೇ ವರ್ಷಕ್ಕೊಮ್ಮೆ ಪೆನ್ಷನ್ನಿನ ಮುದುಕರು ಬಂದು ಕೂರುತ್ತಿದ್ದರು. ಫೋನಿನ ಎದುರು ಮುಖ ಒಡ್ಡಿ, ಹೇಳಿದಾಗ ಕಣ್ಣು ಮಿಟುಕಿಸಿ, ತಾವಿನ್ನೂ ಬದುಕಿದ್ದೇವೆ ಎಂದು ಸರಕಾರಕ್ಕೆ ಒಪ್ಪಿಸಿ ಹೋಗುತ್ತಿದ್ದರು. ದುಡಿಯುವಾಗ ಅವರು ಬದುಕಿದ್ದಾರೋ ಸತ್ತಿದ್ದಾರೋ ಎಂದು ಒಬ್ಬರೂ ಕೇಳಿದವರಲ್ಲ.

"ಫೋಟೊ ತೆಗಿ," ಎಂದಳು ಅನಂತಮ್ಮ.

"ಯಾವ ಫೋಟೊ?"

"ನಿನ್ನ ಮ್ಯಾಲೆ ಮಾತು ಬರಬಾರದಂತ ಬಂದ ಮುದುಕರದೆಲ್ಲ ಒಂದೊಂದು ಫೋಟೊ ನಿನ್ನ ಸ್ವಂತ ಫೋನಿನಾಗ ಇಟ್ಕೊಂತಿಯಲ್ಲ, ಅದು. ಬಾಜೂ ಚಹಾದಂಗಡಿಯವ ನಿನಗಿಂತ ಮೊದಲೇ ಹೇಳ್ಯಾನ."

ಭಾನುಪ್ರಕಾಶ ಚಹಾದಂಗಡಿಯ ಕಡೆ ಒಮ್ಮೆ ಕಣ್ಣು ಕೆಕ್ಕರಿಸಿದ. ಆಮೇಲೆ ಫೋನಿನಲ್ಲಿ ಬೆರಳಾಡಿಸಿ ದೀಪಾವಳಿಯ ನಂತರದ ವಾರಕ್ಕೆ ಹೋಗಿ ನಿಂತ.

ಅನಂತಮ್ಮ ನೋಡಿದಳು. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಆದರೂ ಅದು ನಾಗಪ್ಪನೇ. ನಾರಾಯಣಪೇಟೆಯ ಓಣಿಗಳಿಗೆಲ್ಲ ನೀರು ಬಿಡುತ್ತಿದ್ದ ನಳದ ನಾಗಪ್ಪ. ಬೆಳಗ್ಗೆ ಅವಳು ಕಸ ಗುಡಿಸುವ ಹೆಂಗಸರ ಹಾಜರಿ ಹಿಡಿಯುವ ಹೊತ್ತಿಗೆ ಕಬ್ಬಿಣದ ಉದ್ದ ಚಾವಿ ಹೆಗಲ ಮೇಲಿಟ್ಟುಕೊಂಡು ಎದುರಾಗುತ್ತಿದ್ದ ಮನುಷ್ಯ. ಗುತ್ತಿಗೆ ಹೆಂಗಸರ ಮುಷ್ಕರ ಕಟ್ಟಿದ್ದಕ್ಕೆ ನಿವೃತ್ತಿಯ ಹೊಸ್ತಿಲಲ್ಲಿ ಅನಂತಮ್ಮನನ್ನು ಕೆಲಸದಿಂದ ಕಿತ್ತೆಸೆದಾಗ ಮುನ್ಸಿಪಾಲಿಟಿ ಆಫೀಸಿನ ಗೇಟಿಗೆ ಬಂದು ಅವಳ ಪಕ್ಕ ನಿಂತವನು ಅವನೊಬ್ಬನೇ. ಅಂದಿನಿಂದ ಅವಳಿಗೆ ಪೆನ್ಷನ್ನಿಲ್ಲ. ಕಂಡವರ ಪೆನ್ಷನ್ನಿನ ಹಿಂದೆ ಬೀಳುವುದೇ ಕೆಲಸವಾಗಿತ್ತು.

ಶ್ರಾವಣದಲ್ಲಿ ಸತ್ತ, ಮಕ್ತಲದಲ್ಲಿ ಮಣ್ಣು ಮಾಡಿದೆವು ಎಂದು ಹೆಂಡತಿ ಗುರಮ್ಮ ಕಾಗದ ಕೊಟ್ಟಿದ್ದಳು. ದೀಪಾವಳಿ ಆದಮೇಲೆ ಅವನು ಇಲ್ಲಿ ಬಂದು ಕಣ್ಣು ಮಿಟುಕಿಸಿದ್ದ.

"ಒಬ್ಬನೇ ಬಂದಿದ್ನ?"

"ಇಲ್ರಿ. ಜೀಪಿನಾಗ ಕರಕೊಂಡು ಬಂದಿದ್ರು. ಒಬ್ಬಾತ ಒಳಗ ಬಂದ. ಮುಖಕ್ಕ ಟವೆಲ್ ಸುತ್ತಿಕೊಂಡಿದ್ದ, ಧೂಳಿನ ಎಲರ್ಜಿ ಅಂದ."

"ಅವನ ಫೋಟೊ?"

"ಅವನು ಪೆನ್ಷನ್ ತಗೊಳ್ಳಾವ ಅಲ್ಲಲ್ಲ ಅಕ್ಕಾ."

ಫೋಟೊದ ಅಂಚಿನಲ್ಲಿ ನಾಗಪ್ಪನ ಹೆಗಲ ಮೇಲೆ ಒಂದು ಕೈ ಇತ್ತು. ಮಣಿಕಟ್ಟಿನವರೆಗೆ ಮಾತ್ರ. ಅನಂತಮ್ಮ ಎರಡು ಬೆರಳಿಂದ ಚಿತ್ರ ಹಿಗ್ಗಿಸಿದಳು. ಉಗುರುಗಳ ಬುಡದಲ್ಲಿ ನೀಲಿ ಬಣ್ಣ ಕೂತಿತ್ತು. ನೂಲಿಗೆ ಬಣ್ಣ ಹಾಕುವವರ ಕೈ. ಆದರೆ ನಾರಾಯಣಪೇಟೆಯಿಂದ ಗದ್ವಾಲದವರೆಗೆ ಸೀರೆ ನೇಯುವ ಊರುಗಳಲ್ಲಿ ಅಂಥ ಕೈ ಎಷ್ಟಿಲ್ಲ?

"ನಾಗಪ್ಪ ಏನಾದ್ರೂ ಮಾತಾಡಿದ್ನ?"

"ಒಂದು ಅಕ್ಷರಾನೂ ಇಲ್ಲ. ಮಬ್ಬಿನಾಗ ಇದ್ದಂಗಿದ್ದ. ನೀರು ಕೊಟ್ಟೆ, ಕುಡೀಲಿಲ್ಲ. ಎದಿ ಮ್ಯಾಲೆ ಸುಮ್ನ ಕೈ ಆಡಿಸ್ತಿದ್ದ, ಏನೋ ಕಳಕೊಂಡವರಂಗ. ಹಾರ್ಟಿನ ಪೇಶಂಟ್ ಇರಬೇಕು ಅನ್ಕಂಡೆ."

ಅನಂತಮ್ಮನ ಬೆರಳು ಫೋನಿನ ಮೇಲೆಯೇ ನಿಂತಿತು. ನಾಗಪ್ಪನ ಅಂಗಿಯ ಗುಂಡಿ ಬಿಚ್ಚಿತ್ತು. ಕೊರಳು ಬೋಳಾಗಿತ್ತು. ಸ್ನಾನ ಮಾಡಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ಗುಟುಕು ನೀರು ಕುಡಿಯದ ಮನುಷ್ಯ, ನಳ ಒಡೆದು ಊರು ಬಾಯಿ ಬಾಯಿ ಬಡಿದುಕೊಂಡರೂ ಪೂಜೆ ಮುಗಿಸಿಯೇ ಬರುತ್ತೇನೆಂದು ಇಂಜಿನಿಯರನನ್ನು ಬಾಗಿಲಲ್ಲಿ ನಿಲ್ಲಿಸಿದ್ದ ಮನುಷ್ಯ, ಕೊರಳಲ್ಲಿ ಲಿಂಗವಿಲ್ಲದೆ ಕೂತಿದ್ದ.

"ಈ ಫೋಟೊ ನನಗ ಕಳಸು. ಅಳಿಸಿಗಿಳಿಸಿದಿ ಅಂದ್ರ ನಾಳಿಂದ ಗದ್ವಾಲದ ಒಬ್ಬ ಮುದುಕನೂ ನಿನ್ನ ಅಂಗಡಿ ಮೆಟ್ಟಿಲು ಹತ್ತಂಗಿಲ್ಲ. ನಾನೇ ಬಾಗಿಲಾಗ ಕುಂದರ್ತೀನಿ."

"ನೀವು ಕುಂತ್ರ ಜೀವ ಇದ್ದವರೂ ಬರಲ್ಲ ಬಿಡ್ರಿ," ಎಂದು ಗೊಣಗುತ್ತಲೇ ಭಾನುಪ್ರಕಾಶ ಕಳಿಸಿದ.

* * *

ಮಕ್ತಲದ ಬಸ್ಸು ಜೂರಾಲದ ಅಣೆಕಟ್ಟು ದಾಟುವಾಗಲೂ ಅನಂತಮ್ಮ ಕಿಟಕಿಯ ಹೊರಗೆ ನೋಡಲಿಲ್ಲ. ಸಿಟ್ಟು ಬಂದಾಗ ಅವಳಿಗೆ ನೀರು, ಗುಡ್ಡ, ಆಕಾಶ ಯಾವುದೂ ಕಾಣುತ್ತಿರಲಿಲ್ಲ.

ನಿವೃತ್ತರ ಗ್ರಾಚ್ಯುಯಿಟಿ, ಉಳಿದ ರಜೆಯ ಸಂಬಳ ಎಲ್ಲ ವರ್ಷಗಟ್ಟಲೆ ಕೊಳೆಯುತ್ತ ಬಿದ್ದಿದ್ದವು. ಕೇಳಲು ಹೋದವರಿಗೆ ಬಜೆಟ್ಟಿಲ್ಲ ಎಂಬ ಒಂದೇ ಉತ್ತರ. ಕೊನೆಗೆ ಈ ನವೆಂಬರಿನಲ್ಲಿ, ಬದುಕಿರುವ ಮುಖ ತೋರಿಸಿದವರಿಗೆ ಮೊದಲು ಎಂದು ಬಾಕಿ ಬಿಡುಗಡೆಯಾಯಿತು. ನಾಗಪ್ಪನದೂ ಆಯಿತು. ಬ್ಯಾಂಕಿಗೆ ಬಂದ ದಿನವೇ ಯಾರೋ ಎತ್ತಿಕೊಂಡೂ ಹೋದರು. ಈಗ ಆಫೀಸು ಹೇಳುತ್ತಿತ್ತು: ಗದ್ವಾಲದ ಅಂಗಡಿಯಲ್ಲಿ ಮುಖ ತೋರಿಸಿದವನು ಬದುಕಿದ್ದಾನೆ, ಹಾಗಾದರೆ ಗುರಮ್ಮ ಕೊಟ್ಟ ಫೌತಿ ಕಾಗದ ಸುಳ್ಳು. ಸೋಮವಾರದೊಳಗೆ ಬಂದು ಸಮಜಾಯಿಷಿ ಕೊಡದಿದ್ದರೆ ಪೊಲೀಸ್ ಕೇಸು. ವಿಧವಾ ಪೆನ್ಷನ್ ಹೋಗಲಿ, ಮುದುಕಿ ಜೈಲಿಗೆ.

ನಿನ್ನೆಯವರೆಗೆ ಅನಂತಮ್ಮನಿಗೆ ಅನುಮಾನವೇ ಇರಲಿಲ್ಲ. ಕಳ್ಳರು ಆಫೀಸಿನ ಕಡೆಯವರು, ಗುರಮ್ಮ ಮೋಸ ಹೋದವಳು. ಅಷ್ಟು ಸರಳ. ಆದರೆ ಆ ಬೋಳು ಕೊರಳು ಅವಳ ಕಣ್ಣ ಮುಂದಿಂದ ಸರಿಯಲೊಲ್ಲದು.

ಬದುಕಿದ್ದವನನ್ನು ಮಣ್ಣು ಮಾಡಿದೆವು ಎಂದು ಹೆಂಡತಿ ಹೇಳಿದ್ದಳು. ಹಾಗಾದರೆ ಗುರಮ್ಮ ಮಣ್ಣು ಮಾಡಿದ್ದು ಯಾರನ್ನು?

* * *

ಮಕ್ತಲದ ಮನೆಯಲ್ಲಿ ಗುರಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಅರ್ಧ ನೇಯ್ದ ಚೌಕಳಿ ಸೀರೆ, ಕೆಂಪು ಅಂಚು. ಅನಂತಮ್ಮನನ್ನು ಕಂಡದ್ದೇ ಲಾಳಿ ನಿಂತಿತು.

"ಬಾ ತಂಗಿ. ವಜೀಫಾದ ಸುದ್ದಿ ಏನಾತು?" ಅವಳಿಗೆ ಪೆನ್ಷನ್ ಈಗಲೂ ನಿಜಾಮನ ಕಾಲದ ವಜೀಫಾವೇ.

"ಹೇಳ್ತೀನಿ. ಮೊದಲು ನೀರು ಕೊಡು."

ಗುರಮ್ಮ ಸೊಂಟ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಅನಂತಮ್ಮನ ಕಣ್ಣು ಮನೆಯನ್ನೆಲ್ಲ ಸುತ್ತಿತು. ಗೋಡೆಯ ಗೂಡಿನಲ್ಲಿ ವಿಭೂತಿಯ ಗಟ್ಟಿ, ಒಂದು ಹಿತ್ತಾಳೆ ಗಿಂಡಿ, ಅದರ ಪಕ್ಕ ಬೆಳ್ಳಿಯ ಕರಡಿಗೆ. ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಡಬ್ಬಿ. ಅದರ ಮೇಲೆ ಒಂದು ಬಿಲ್ವಪತ್ರೆ. ಪತ್ರೆ ಇನ್ನೂ ಬಾಡಿರಲಿಲ್ಲ.

ಗುರಮ್ಮ ಚೊಂಬು ಹಿಡಿದು ಬಂದಾಗ ಅವಳ ಕೊರಳಲ್ಲಿ ಅವಳ ಕರಡಿಗೆ ತೂಗುತ್ತಿತ್ತು.

"ನಿಂದು ಕೊರಳಾಗ ಐತಿ. ಹಂಗಾರ ಅದು ಯಾರದು ಗುರಮ್ಮಕ್ಕ?"

"ಅವರದು." ಗುರಮ್ಮ ಸೆರಗು ಸರಿಪಡಿಸಿಕೊಂಡಳು. "ಲಿಂಗ ಅವರ ಅಂಗೈಯಾಗ ಇಟ್ಟು ಮಣ್ಣು ಮಾಡಿದಿವಿ. ಬೆಳ್ಳಿ ಮಣ್ಣಾಗ ಯಾಕಂತ ಡಬ್ಬಿ ಇಟ್ಟುಕೊಂಡೆ."

"ಖಾಲಿ ಡಬ್ಬಿ."

"ಹೂಂ, ಖಾಲಿ."

"ಖಾಲಿ ಡಬ್ಬಿಗೆ ದಿನಾ ಪತ್ರಿ ಏರಸ್ತಿಯೇನು?"

ಅನಂತಮ್ಮ ಗೂಡಿನ ಕಡೆ ಕೈ ಚಾಚಿದಳು. ಗುರಮ್ಮ ಚೊಂಬು ಚೆಲ್ಲಿ ಅಡ್ಡ ಬಂದಳು.

"ಮುಟ್ಟಬ್ಯಾಡ! ನೀ ಮುಟ್ಟಬ್ಯಾಡ."

ನೆಲದ ಮೇಲೆ ನೀರು ಹರಿಯಿತು. ಇಂಥ ಮುಟ್ಟಬೇಡಗಳನ್ನು ಅನಂತಮ್ಮ ಎಷ್ಟೋ ಮನೆಗಳ ಬಾಗಿಲಲ್ಲಿ ಕೇಳಿದ್ದಳು. ಚೊಂಬು ಎತ್ತಿ ಹೊಯ್ಯುವ ನೀರಿಗೆ ಬೊಗಸೆಯೊಡ್ಡಿ ಬೆಳೆದವಳು ಅವಳು. ಆದರೆ ಈ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ತಡೆಯುತ್ತಿರುವುದು ಜಾತಿಯೋ, ಭಯವೋ?

"ಜಾತಿ ಇಲ್ಲ ಅಂತ ಕೊರಳಿಗೆ ಕಟ್ಟಿಕೊಂಡಿದ್ದನ್ನ ಜಾತಿ ನೋಡಿ ಮುಟ್ಟಬ್ಯಾಡ ಅಂತೀಯೇನು? ಹೋಗಲಿ ಬಿಡು. ನೀನೇ ತಗದು ನನ್ನ ಕಿವಿ ಹತ್ರ ಅಳ್ಳಾಡಿಸು."

ಗುರಮ್ಮ ಗೂಡಿಗೆ ಬೆನ್ನು ಕೊಟ್ಟು ನಿಂತಳು.

"ಅಳ್ಳಾಡಿಸು ಅಕ್ಕಾ."

ಮುದುಕಿಯ ಕೈ ಮೇಲೆ ಹೋಯಿತು. ಕರಡಿಗೆ ಕೈಗೆ ಬಂದದ್ದೇ ಒಳಗೆ ಏನೋ ಟಕ್ ಎಂದಿತು. ಕಿವಿಯ ಹತ್ತಿರ ತರುವ ಅಗತ್ಯವೇ ಬೀಳಲಿಲ್ಲ.

"ನೀವು ಸತ್ತವರನ್ನ ಕೂಡ್ರಿಸಿ, ಎಡಗೈಯಾಗ ಅವರ ಲಿಂಗ ಇಟ್ಟು ಮಣ್ಣು ಮಾಡ್ತೀರಿ," ಎಂದಳು ಅನಂತಮ್ಮ. ದನಿ ಏರಿಸಲಿಲ್ಲ. "ಊರ ಹೊರಗ ಕುಂತು ನೋಡಿದ್ರೂ ನೋಡೀನಿ. ಲಿಂಗ ಇಲ್ಲಿ ಐತಿ ಅಂದ್ರ ನಾಗಪ್ಪ ಆ ಕುಣಿಯಾಗ ಇಲ್ಲ. ಯಾರನ್ನ ಹೂತೀರಿ?"

"ಯಾರನ್ನೂ ಇಲ್ಲ."

ಆ ಮಾತು ಗುರಮ್ಮನದಾಗಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಅವಳ ತಮ್ಮ ಸಿದ್ದಪ್ಪ ನಿಂತಿದ್ದ. ಬಣ್ಣದ ಕೊಪ್ಪರಿಗೆಯ ಮುಂದಿಂದ ಎದ್ದು ಬಂದಿದ್ದ. ಮೊಣಕೈವರೆಗೆ ನೀಲಿ.

ಅನಂತಮ್ಮ ಆ ಕೈಗಳನ್ನು ನೋಡಿದಳು. ಉಗುರಿನ ಬುಡ ನೋಡಿದಳು.

"ಸಿದ್ದಪ್ಪಾ, ದೀಪಾವಳಿ ಆದಮ್ಯಾಲೆ ಗದ್ವಾಲಕ್ಕ ಹೋಗಿದ್ದೇನು?"

"ರೇಷ್ಮೆ ನೂಲು ತರಾಕ ವಾರವಾರಾ ಹೋಗ್ತೀನಿ. ಯಾಕ?"

"ನಾಗಪ್ಪನ ಹೆಗಲ ಮ್ಯಾಲೆ ಕೈ ಇಟ್ಟುಕೊಂಡು ನಿಂತಿದ್ದೇನು?"

ಅವಳು ಫೋನು ಮುಂದೆ ಹಿಡಿದಳು. ಅಕ್ಕ ತಮ್ಮ ಇಬ್ಬರೂ ಬಗ್ಗಿದರು.

ಗುರಮ್ಮ ಮೊದಲು ನೋಡಿದ್ದು ಮುಖವನ್ನಲ್ಲ, ತಾರೀಖನ್ನು. ಆಮೇಲೆ ಮುಖ. ಮಗ್ಗದ ಕಂಬ ಹಿಡಿದು ಕೂತಳು.

"ಅದಾರ," ಎಂದಳು. "ಇನ್ನಾ ಅದಾರ. ಸಿದ್ದೂ, ಜೀವಂತ ಇದ್ದವರಿಗೆ ಮಣ್ಣು ಹಾಕಿ ಬಂದಿವಲ್ಲೋ."

"ನನ್ನ ಕೈ ಅಲ್ಲ ಇದು," ಸಿದ್ದಪ್ಪ ಎರಡೂ ಕೈ ಮುಂದೆ ಚಾಚಿದ. "ನಿಂಗ ಹೆಂಗ ನಂಬಸಲಿ ಅನಂತಮ್ಮಕ್ಕ? ನಮ್ಮ ಓಣಿಯಾಗ ಅರ್ಧ ಮಂದಿ ಕೈ ಹಿಂಗೇ ಅದಾವ."

"ಅದಕ್ಕ ನಂಬವಲ್ಲೆ. ಮೊದಲಿಂದ ಹೇಳ್ರಿ."

ಗುರಮ್ಮ ಹೇಳತೊಡಗಿದಳು. ಶ್ರಾವಣದ ಆ ಬೆಳಗ್ಗೆ ನಾಗಪ್ಪ ಮೈ ತೊಳೆದುಕೊಂಡು, ಕರಡಿಗೆ ಬಿಚ್ಚಿ ಮಣೆಯ ಮೇಲಿಟ್ಟುಕೊಂಡು ಪೂಜೆಗೆ ಕೂರುವುದರಲ್ಲಿದ್ದ. ಅವಳು ಮಗ್ಗದಲ್ಲಿದ್ದಳು. ಹೊರಗೊಂದು ಜೀಪು ನಿಂತಿತು. ಯಾರೋ ತೆಲುಗಿನಲ್ಲಿ ಕರೆದರು: ಹಳೇ ಲೈನಿನ ವಾಲ್ವು ತಿರುಗುತ್ತಿಲ್ಲ, ಹೊಸ ಹುಡುಗರಿಗೆ ಗೊತ್ತಾಗುತ್ತಿಲ್ಲ, ಐದು ನಿಮಿಷ ಬಂದು ಹೋಗು ನಾಗಪ್ಪಣ್ಣಾ.

"ಪೂಜಿ ಮುಗಿಸಿ ಹೋಗ್ರಿ ಅಂದೆ. ಊರಿಗೆ ನೀರಿಲ್ಲ ಅಂತಾರ, ಈಗ ಬಂದೆ ಅಂದರು. ವಜೀಫಾ ಕೊಡಾಕ ನೆನಪಾಗದವರಿಗೆ ವಾಲ್ವು ಕೆಟ್ಟಾಗ ನೆನಪಾಗ್ತೀರಿ ನೀವು ಅಂತ ಬೈದೆ. ಅದ... ಅದ ಕಡೀ ಮಾತು."

ಸಂಜೆ ಕೆರೆಯ ದಂಡೆಯ ಮೇಲೆ ಚಪ್ಪಲಿ, ಟವೆಲ್ಲು ಸಿಕ್ಕವು. ಹೆಣ ಸಿಗಲಿಲ್ಲ. ಕಾಲು ಜಾರಿರಬೇಕು ಎಂದರು ಪೊಲೀಸರು. ವಾಲ್ವು ಕೆಟ್ಟಿದೆ ಎಂದು ಯಾರನ್ನೂ ಕಳಿಸಿಲ್ಲ ಎಂದಿತು ಆಫೀಸು.

"ಆಮ್ಯಾಲೆ ಸುರೇಂದರ್ ಬಂದ," ಎಂದ ಸಿದ್ದಪ್ಪ.

ಸುರೇಂದರ್ ಅನಂತಮ್ಮನಿಗೆ ಗೊತ್ತಿದ್ದವನೇ. ಯಾವ ಆಫೀಸಿನ ನೌಕರನೂ ಅಲ್ಲ, ಎಲ್ಲ ಆಫೀಸಿನ ಗೇಟಿನಲ್ಲೂ ಇರುವವನು. ಮುದುಕರ ಪೆನ್ಷನ್ ಕಾಗದ ಮಾಡಿಸಿಕೊಟ್ಟು ಪಾಲು ಕೀಳುವ ದಲ್ಲಾಳಿ.

"ಏನಂದ?"

"ಹೆಣ ಇಲ್ಲಂದ್ರ ಕಾಣಿಯಾದವರ ಲೆಕ್ಕ, ಏಳು ವರ್ಷ ದಾರಿ ಕಾಯಬೇಕು ಅಂದ. ಏಳು ವರ್ಷ ನಾನಿರತೀನೇನು ತಂಗಿ?" ಗುರಮ್ಮ ಕಣ್ಣೊರೆಸಿಕೊಂಡಳು. "ಸುಮ್ನ ಒಂದು ಸಮಾಧಿ ಮಾಡ್ರಿ, ನಾಲ್ಕು ಮಂದಿ ಕಣ್ಣಿಗೆ ಬೀಳಲಿ, ಉಳಿದದ್ದು ನಾ ಮಾಡಸ್ತೀನಿ ಅಂದ. ಸತ್ತಾರ ಅಂತ ನಾವೂ ನಂಬಿದ್ವಿ. ನಂಬೇ ಮಾಡಿದ್ವಿ. ಅವರ ಧೋತರ, ರುಮಾಲು ಇಟ್ಟು ಮಣ್ಣು ಹಾಕಿದ್ವಿ. ಜಂಗಮ ಅಯ್ಯನವರನ್ನ ಕರೀಲಿಲ್ಲ, ಸುಳ್ಳು ಸಮಾಧಿಗೆ ಅವರ ಪಾದ ಇಡಸಬಾರದಂತ. ಲಿಂಗಾನೂ ಇಡಲಿಲ್ಲ. ಅದೊಂದು ಸುಳ್ಳು ನನ್ನ ಕೈಲಿ ಆಗಲಿಲ್ಲ."

ಅನಂತಮ್ಮ ಹೊಸ್ತಿಲ ಮೇಲೆ ಕೂತಳು. ಹೆಣ ಸಿಗದಿದ್ದರೂ ಪೊಲೀಸ್ ಕಾಗದದ ಮೇಲೆ ಪೆನ್ಷನ್ ಕೇಳಲು ಬೇರೆ ದಾರಿ ಇತ್ತು. ಹೇಳಬೇಕಾದವರು ಒಬ್ಬರೂ ಹೇಳಿರಲಿಲ್ಲ. ಒಂದು ಸಹಿ ಹಾಕಲು ಸತ್ತವನನ್ನು ಕೇಳುವ ಸರಕಾರ, ಸತ್ತವನನ್ನು ಒದಗಿಸಿಕೊಡುವ ದಲ್ಲಾಳಿ. ನಡುವೆ ಈ ಮುದುಕಿ.

ಆದರೆ ಸುರೇಂದರನಿಗೆ ಖಾಲಿ ಸಮಾಧಿ ಯಾಕೆ ಬೇಕಿತ್ತು? ಬಾಕಿ ಎತ್ತಿದವನು ಅವನೇ ಆದರೆ, ಅವನಿಗೆ ಬೇಕಾಗಿದ್ದುದು ಬದುಕಿರುವ ನಾಗಪ್ಪ. ಹೆಂಡತಿ ಹುಡುಕುವುದನ್ನು ನಿಲ್ಲಿಸಲಿ ಎಂದೇ? ಇಲ್ಲಾ, ಇನ್ನೇನಾದರೂ ಇತ್ತೇ?

"ಆ ಜಾಗಕ್ಕ ಕಡೀಗೆ ಯಾವಾಗ ಹೋಗಿದ್ರಿ?"

"ಸುಳ್ಳು ಸಮಾಧಿಗೆ ಯಾರು ಹೋಗ್ತಾರ?" ಎಂದಳು ಗುರಮ್ಮ. "ಮಣ್ಣು ಹಾಕಿ ಬಂದವರು ತಿರುಗಿ ನೋಡಿಲ್ಲ."

"ಏಳ್ರಿ," ಎಂದಳು ಅನಂತಮ್ಮ. "ಈಗ ನೋಡೂಣು."

* * *

ಹಳ್ಳದ ದಂಡೆಯ ಮೇಲೆ ಜಾಲಿ ಗಿಡಗಳ ನಡುವೆ ಅವರ ರುದ್ರಭೂಮಿ. ಬಿಸಿಲು ಇನ್ನೂ ಖಾರವಾಗಿತ್ತು. ಹಳೆಯ ಸಮಾಧಿಗಳೆಲ್ಲ ಗಿಡ್ಡ ಗಿಡ್ಡ ಗುಪ್ಪೆ, ಮಂದಿ ಕೂತು ಮಾತಾಡುತ್ತಿದ್ದಾರೇನೋ ಎಂಬಂತೆ. ಅವುಗಳ ಮೇಲೆಲ್ಲ ಮಳೆಗಾಲದ ಹುಲ್ಲು ಒಣಗಿ ನಿಂತಿತ್ತು.

ಮುಂದೆ ಹೋಗುತ್ತಿದ್ದ ಸಿದ್ದಪ್ಪ ನಿಂತುಬಿಟ್ಟ.

"ಇದಲ್ಲ," ಎಂದ. ಸುತ್ತ ನೋಡಿದ. ಮತ್ತೆ ಅದನ್ನೇ ನೋಡಿದ. "ಇದು... ಜಾಗ ಇದ. ಆದ್ರ ಇದಲ್ಲ."

ಅಲ್ಲಿ ಹುಲ್ಲು ಇರಲಿಲ್ಲ. ಮಣ್ಣು ಇನ್ನೂ ಹೆಂಟೆ ಹೆಂಟೆಯಾಗಿತ್ತು. ಗುಪ್ಪೆ ಗುಂಡಗಿರಲಿಲ್ಲ. ಉದ್ದಕ್ಕಿತ್ತು, ಒಬ್ಬ ಆಳು ಕಾಲು ಚಾಚಿ ಮಲಗಿದಷ್ಟು.

"ನಾ ತೋಡಿದ್ದು ಚೌಕ ಕುಣಿ," ಸಿದ್ದಪ್ಪ ಕೈಯಿಂದ ಅಳತೆ ತೋರಿಸಿದ. "ಸುಳ್ಳಾದ್ರೂ ಪದ್ಧತಿ ಪ್ರಕಾರ ಕೂಡ್ರಿಸೂ ಕುಣಿ ತೋಡಿದ್ದೆ. ನಡುವ ಒಂದು ಕಲ್ಲಿಟ್ಟಿದ್ದೆ."

ಕಲ್ಲು ಈಗ ನಡುವೆ ಇರಲಿಲ್ಲ. ಒಂದು ತುದಿಗೆ, ತಲೆಯ ಕಡೆ ಎನ್ನುವಂತೆ ನೆಟ್ಟಿತ್ತು.

ಅನಂತಮ್ಮ ಸಿದ್ದಪ್ಪನ ನೀಲಿ ಕೈಗಳ ಮೇಲಿಂದ ಕಣ್ಣು ತೆಗೆದಳು. ಅವನ ಮೇಲಿನ ಅನುಮಾನ ಅಲ್ಲಿಗೆ ಸತ್ತಿತು. ಈ ಮನೆಯವರು ಕಣ್ಣು ಕಟ್ಟಿ ಬಿಟ್ಟರೂ ಉದ್ದದ ಕುಣಿ ತೋಡುವವರಲ್ಲ. ಇದನ್ನು ತೋಡಿದವನಿಗೆ ಇವರು ಸತ್ತವರನ್ನು ಕೂರಿಸುತ್ತಾರೆಂಬುದೇ ಗೊತ್ತಿರಲಿಲ್ಲ. ಆದರೆ ಇಲ್ಲೊಂದು ಖಾಲಿ ಸಮಾಧಿ ಇದೆ ಎಂಬುದು ಗೊತ್ತಿತ್ತು. ಈ ಮನೆಯ ಹೊರಗೆ ಅದು ಗೊತ್ತಿದ್ದದ್ದು ಸುರೇಂದರನಿಗೆ ಮಾತ್ರ. ಆಗಲೇ ಮಣ್ಣಾದವನನ್ನು ಇನ್ನೊಮ್ಮೆ ಮಣ್ಣು ಮಾಡಿದರೆ ಯಾರೂ ಹುಡುಕುವುದಿಲ್ಲ ಎಂಬುದೂ ಗೊತ್ತಿತ್ತು.

ಸಿದ್ದಪ್ಪ ಬರಿಗೈಯಲ್ಲೇ ಹೆಂಟೆ ಕೀಳಲು ಬಗ್ಗಿದ. ಅನಂತಮ್ಮ ಅವನ ರಟ್ಟೆ ಹಿಡಿದಳು.

"ಮುಟ್ಟಬ್ಯಾಡ. ನಾವು ತಗದ್ರ ನಾವ ಹೂತೀವಿ ಅಂತಾರ."

"ಹಂಗಾರ ಪೊಲೀಸರಿಗೆ ಹೇಳಬೇಕು. ಹೇಳಿದ್ರ ಅಕ್ಕ ಸುಳ್ಳು ಸಮಾಧಿ ಮಾಡಿದ್ದು ಹೊರಗ ಬರ್ತೈತಿ. ಸೋಮವಾರ ಯಾಕ, ಇವತ್ತ ಒಳಗ ಹಾಕ್ತಾರ."

ಅನಂತಮ್ಮನ ಲೆಕ್ಕವೂ ಅದೇ ಆಗಿತ್ತು. ಬಾಯಿ ಮುಚ್ಚಿಕೊಂಡು ಮನೆಗೆ ಹೋದರೆ ಮಣ್ಣಿನಲ್ಲಿರುವವನು ಮಣ್ಣಿನಲ್ಲೇ ಇರುತ್ತಾನೆ. ಬಾಯಿ ಬಿಟ್ಟರೆ ಮೊದಲು ಕೈಕೋಳ ಬೀಳುವುದು ಕೊಂದವನಿಗಲ್ಲ, ಈ ಮುದುಕಿಗೆ.

ಗುರಮ್ಮ ಕಲ್ಲಿನ ಹತ್ತಿರ ಕೂತಿದ್ದಳು. ಮಣ್ಣಿನ ಮೇಲೆ ಅಂಗೈ ಚೆಲ್ಲಿ, ಮಲಗಿದವರನ್ನು ಎಬ್ಬಿಸಲೋ ಬೇಡವೋ ಎಂಬಂತೆ ಸವರಿದಳು.

"ಫೋನ್ ಹಚ್ಚು," ಎಂದಳು.

"ಅಕ್ಕಾ, ಒಂದು ಸಲ ಯೋಚನಿ ಮಾಡು..."

"ಮಾಡೀನಿ. ಗುರಮ್ಮ ಸುಳ್ಳು ಹೇಳ್ಯಾಳ, ಖಾಲಿ ಕುಣಿಗೆ ಗಂಡನ ಹೆಸರು ಇಟ್ಟಾಳ ಅಂತ ಹೇಳು. ಮೊದಲು ನನ್ನ ಹೆಸರೇ ಬರಸು. ಇದರಾಗ ಇದ್ದವರು ಅವರಾದ್ರ ಕಾಲು ಚಾಚಿ ಬಿದ್ದಿರಬಾರದು. ಎಬ್ಬಿಸಿ ಕೂಡ್ರಿಸಬೇಕು. ಅವರು ಅಲ್ಲಂದ್ರ..." ಕಲ್ಲಿಗೆ ಅಂಟಿದ ಮಣ್ಣು ಒರೆಸಿದಳು. "ಹಚ್ಚು ತಂಗಿ."

ಅನಂತಮ್ಮ ಪೊಲೀಸರ ನಂಬರು ಒತ್ತಿದಳು. ಆ ಕಡೆಯ ದನಿ ಬೇಸರದ್ದು, ಬರೆದುಕೊಳ್ಳುವ ಅವಸರದ್ದು. ಎಲ್ಲಿಂದ, ಏನು, ಯಾವ ಊರಿನ ಹತ್ತಿರ ಎಂದೆಲ್ಲ ಕೇಳಿತು. ಅನಂತಮ್ಮ ಒಂದೊಂದಾಗಿ ಹೇಳಿದಳು. ತೆಗೆದು ನೋಡಬೇಕು, ಯಾರನ್ನೋ ತಂದು ಹೂತಿದ್ದಾರೆ ಎಂದಳು.

"ಸರಿ. ಸಮಾಧಿ ಯಾರದಮ್ಮಾ?"

ಅನಂತಮ್ಮ ಬಾಯಿ ತೆರೆದಳು. ಗುರಮ್ಮ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದಳು. ನಾಗಪ್ಪನದು ಎಂದರೆ ಅವನನ್ನು ಎರಡನೇ ಸಲ ಸಾಯಿಸಿದಂತೆ; ಈ ಉತ್ತರವನ್ನು ಅವಳೂ ಕೇಳಬೇಕಿತ್ತು.

"ಹಲೋ? ಯಾರದು, ಹೆಸರು ಹೇಳಿ."